ಐತಾರದ ಇಪ್ಪತ್ತಮೂರು ಮನೆ

ಅರ್ಜಿಯನ್ನು ಮೊಬೈಲಿನಲ್ಲಿ ತುಂಬಿಸುತ್ತಿದ್ದವಳು ಮಗಳು ಮೋಕ್ಷಿತಾ. ಹೆಸರು, ಹುಟ್ಟಿದ ದಿನ, ಗಂಡನ ಹೆಸರು, ಹಂಗಾರಕಟ್ಟೆಯ ವಿಳಾಸ ಎಲ್ಲ ಬರೆದಾದ ಮೇಲೆ ಅವಳ ಬೆರಳು ನಿಂತಿತು.

"ಅಮ್ಮ, ಪಿಯುಸಿ ಮಾರ್ಕ್ ಎಷ್ಟ್?"

ಶ್ರೀಲತಾ ಒಲೆಯ ಮೇಲಿನ ಗಂಜಿಯನ್ನು ಸೌಟಿನಿಂದ ತಿರುವುತ್ತಿದ್ದಳು. ಗಂಜಿ ಬೆಂದು ಆಗಲೇ ಹೊತ್ತಾಗಿತ್ತು.

"ಟ್ರಂಕಿನಡಿಗ್ ಇತ್ತ್. ನೀನೇ ಕಾಣ್."

ಮೋಕ್ಷಿತಾ ಟ್ರಂಕಿನ ಸೀರೆಗಳ ಕೆಳಗಿಂದ ಅಂಕಪಟ್ಟಿ ಹುಡುಕಿ ತಂದಳು. ಅಂಚು ಕಂದಿದ ಕಾಗದ. ನಿಂತುಕೊಂಡೇ ಓದಿದಳು, ಆಮೇಲೆ ಕೂತು ಇನ್ನೊಮ್ಮೆ ಓದಿದಳು.

"ಆರ್ನೂರಕ್ಕೆ ಇನ್ನೂರ ಮೂವತ್ತೆಂಟಾ?"

"ಹ್ಞೂ."

"ಗಣಿತ ಮೂವತ್ತೈದ್. ಅದೂ ಎರಡ್ನೇ ಸಲ ಕಟ್ಟಿ." ಮೋಕ್ಷಿತಾಳ ಸ್ವರ ಏರಿತು. "ನಂಗೆ ಹತ್ತ್ನೇ ಕ್ಲಾಸಂಗೆ ಗಣಿತಕ್ಕ್ ಎಂಬತ್ತೆಂಟ್ ಬಂದಾಗ ನೀ ಎರಡ್ ದಿನ ನನ್ನತ್ರ ಮಾತಾಡ್ಲಿಲ್ಲೆ. ನೆನಪಿತ್ತಾ ನಿಂಗ್?"

ಉತ್ತರ ಜಗಲಿಯಿಂದ ಬಂತು. ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದ ಅತ್ತೆ ಜಲಜ ಕೂತಲ್ಲಿಂದಲೇ ಕೇಳಿದಳು. "ಯಾರ್ ಎರಡ್ನೇ ಸಲ ಕಟ್ಟದ್ದ್? ಹೆಣ್ ಕಾಂಬುಕ್ ಹೋದಾಗ ನಿನ್ನಪ್ಪಯ್ಯ ಫಸ್ಟ್ ಕ್ಲಾಸ್ ಅಂದಿದ್ರಲೆ?"

"ಅಪ್ಪಯ್ಯ ಅಂದದ್ದ್, ನಾ ಅಂದದ್ದಲ್ಲ ಅತ್ತಿ."

"ನೀನೂ ಅಲ್ಲ ಅನ್ಲಿಲ್ಲೆ. ಹದಿನೇಳ್ ವರ್ಷ ಆಯ್ತ್."

ಜುಲೈ ತಿಂಗಳು, ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲ. ಮಲ್ಪೆಯ ಬೋಟೊಂದನ್ನು ನಡೆಸುವ ತಾಂಡೇಲ, ಶ್ರೀಲತಾಳ ಗಂಡ ಪ್ರೇಮಾನಂದ ಅದಕ್ಕೇ ಮನೆಯಲ್ಲಿದ್ದ. ಬೀಸುಬಲೆಯ ತೂತು ಕಟ್ಟುತ್ತ ತಾಯಿಯ ಕಡೆ ನೋಡಿ ನಕ್ಕ. "ನಾ ಏಳ್ನೇ ಫೇಲ್. ಇದ್ ಪಿಯುಸಿ ಫೇಲ್. ಜೋಡಿ ಸಮ ಆಯ್ತಲೆ ಅಬ್ಬಿ. ಎಂತಕ್ ಗಲಾಟಿ?"

"ನಿಂಗ್ ಎಲ್ಲದೂ ನೆಗಿ," ಎಂದಳು ಜಲಜ.

ಮೋಕ್ಷಿತಾ ಅರ್ಜಿಯಲ್ಲಿ ಅಂಕಗಳನ್ನು ಬರೆದಳು. ಒಂದೊಂದು ಅಂಕೆಯನ್ನೂ ಜೋರಾಗಿ ಹೇಳಿ ಬರೆದಳು. ಅದು ಶಿಕ್ಷೆ ಎಂದು ಶ್ರೀಲತಾಳಿಗೆ ಗೊತ್ತಾಯಿತು.

ಶ್ರೀಲತಾಳಿಗೆ ಆಗ ಮೂವತ್ತೇಳು. ಊರಿನ ಮೀನುಗಾರರ ಸಂಘದಲ್ಲಿ ದಿನಗೂಲಿಗೆ ಕಂಪ್ಯೂಟರ್ ಕೆಲಸ ಮಾಡುತ್ತ ಆರು ವರ್ಷ ಕಳೆದಿದ್ದಳು. ಆ ಯಂತ್ರದ ಒಳಹೊರಗು ಅವಳಿಗೆ ತಿಳಿದಷ್ಟು ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೆ ಕಾಯಂ ಹುದ್ದೆ ಬಂದಾಗ ಅದು ಸೌಮ್ಯಶ್ರೀ ಎಂಬ ಇಪ್ಪತ್ತಮೂರರ ಹುಡುಗಿಗೆ ಹೋಯಿತು. ಅವಳಿಗೆ ಡಿಗ್ರಿ ಇತ್ತು. ಒಳ್ಳೆಯ ಹುಡುಗಿ. ದಿನಕ್ಕೆ ಹತ್ತು ಸಲ "ಅಕ್ಕ, ಇದ್ ಹ್ಯಾಂಗ್ ಮಾಡುದ್?" ಎಂದು ಬಂದು ಕೇಳುತ್ತಿದ್ದಳು. ಶ್ರೀಲತಾ ಎದ್ದು ಹೋಗಿ, ಅವಳ ಕುರ್ಚಿಯ ಹಿಂದೆ ನಿಂತು ತೋರಿಸಿಕೊಡುತ್ತಿದ್ದಳು. ಹಾಗೆ ನಿಂತು ನಿಂತು ಒಂದು ದಿನ ಬಿಸಿಎ ಕಟ್ಟುವುದೆಂದು ತೀರ್ಮಾನಿಸಿದಳು. ದೂರಶಿಕ್ಷಣ, ಮೂರು ವರ್ಷ. ತರಗತಿ ಕುಂದಾಪುರದಲ್ಲಿ, ಭಾನುವಾರ ಮಾತ್ರ.

ತೊಂದರೆ ಇದ್ದದ್ದು ಆ ಭಾನುವಾರದಲ್ಲೇ.

ಜಲಜ ವಾರದ ದಿನಗಳಲ್ಲಿ ಸಾಸ್ತಾನದ ಮಾರ್ಕೆಟಿನಲ್ಲಿ ಕೂತು ಮೀನು ಮಾರುತ್ತಿದ್ದಳು. ಐತಾರ ಬಂತೆಂದರೆ ಬುಟ್ಟಿ ಹೊತ್ತು ಪಾಂಡೇಶ್ವರದ ಕಡೆ ಮನೆಮನೆಗೆ ಹೋಗುವುದು. ಇಪ್ಪತ್ತಮೂರು ಮನೆ. ಅವೆಲ್ಲ ಜಲಜಳ ಮನೆಗಳು ಎಂದು ಉಳಿದ ಮೀನು ಮಾರುವ ಹೆಂಗಸರಿಗೆ ಗೊತ್ತಿತ್ತು, ಆ ಗೇಟುಗಳನ್ನು ಅವರು ಮುಟ್ಟುತ್ತಿರಲಿಲ್ಲ. ಆದರೆ ಎರಡು ಐತಾರ ಯಾರೂ ಹೋಗದಿದ್ದರೆ ಮೂರನೆಯದಕ್ಕೆ ಬೇರೆಯವರು ಹೋಗಬಹುದು, ಅದಕ್ಕೆ ಯಾರೂ ಜಗಳ ಮಾಡುವಂತಿಲ್ಲ. ಎರಡು ವರ್ಷದಿಂದ ಜಲಜಳ ಮಂಡಿ ಕೈಕೊಟ್ಟು, ಐತಾರದ ಬುಟ್ಟಿ ಶ್ರೀಲತಾಳ ತಲೆಗೆ ಬಂದಿತ್ತು.

"ಕ್ಲಾಸ್ ಶೆನಿವಾರ ಇಟ್ಕಂಬುಕ್ ಹೇಳ್," ಎಂದಳು ಜಲಜ.

"ನಾ ಹೇಳ್ರೆ ಯುನಿವರ್ಸಿಟಿ ಕೇಣ್ತಾ ಅತ್ತಿ?"

"ಬಪ್ಪ ವರ್ಷ ಕಟ್ರೆ ಆಗ್ದಾ?" ಎಂದ ಪ್ರೇಮಾನಂದ.

"ಬಪ್ಪ ವರ್ಷ ಐತಾರ ಇಪ್ದಿಲ್ಯಾ?" ಎಂದಳು ಶ್ರೀಲತಾ.

ಪ್ರೇಮಾನಂದ ಬಲೆಯ ಕಡೆ ತಿರುಗಿದ. ಜಲಜ ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕುತ್ತ ಹೇಳಿದಳು. "ಮಾರ್ಕೆಟಂಗೆ ನನ್ ಹತ್ರ ಕೂಕಂಬ ಆ ಸುಗುಣ ಕಾಯ್ಕಂಡೇ ಕೂತಿತ್ತ್. ನನ್ನತ್ತಿ ನಂಗ್ ಕೊಟ್ಟದ್ದ್ ಈ ಮನೆಗಳ್ನ್. ನನ್ ಕೈಹಿಡ್ಕಂಡ್ ಒಂದೊಂದ್ ಗೇಟಿಗ್ ಕರ್ಕಂಡ್ ಹೋಯಿ, ಇನ್ ಮೇಲೆ ಇದೇ ಬಪ್ದ್ ಅಂತ ಹೇಳಿ ಬುಟ್ಟಿ ಇಳ್ಸಿತ್ತ್. ಅಲ್ಲಿಂದ್ ಮೇಲೆ ಸಾಯೋವರಿಗೆ ಆ ಬಾಗ್ಲಿಗ್ ಮೀನ್ ತಕಂಡ್ ಹೋಯ್ಲಿಲ್ಲೆ. ಅಂಥದ್ದನ್ನ್ ಕಂಪ್ಯೂಟರಿಗೆ ಅಂತ ಬಿಡ್ಕಾ?"

ಆಗಸ್ಟಿನಲ್ಲಿ ಬೋಟುಗಳು ಇಳಿದವು. ಪ್ರೇಮಾನಂದ ಹತ್ತು ದಿನದ ಪ್ರಯಾಣಕ್ಕೆ ಹೋದ. ಮೊದಲ ತರಗತಿಯ ಐತಾರ ಶ್ರೀಲತಾ ಬಸ್ಸು ಹತ್ತಿದಳು, ಜಲಜ ಬುಟ್ಟಿ ಹೊತ್ತಳು. ಹನ್ನೊಂದು ಗಂಟೆಗೆ ಊರಿನ ರಿಕ್ಷಾದವ ನಾಗ ಜಲಜಳನ್ನು ಮನೆ ಬಾಗಿಲಲ್ಲಿ ಇಳಿಸಿದ. ಆರು ಮನೆ ಆಗಿತ್ತಷ್ಟೇ. ಮಂಡಿ ಬಾತು ತೆಂಗಿನಕಾಯಿಯಾಗಿತ್ತು.

ಸಂಜೆ ಬಂದ ಶ್ರೀಲತಾ ಅದನ್ನು ನೋಡಿ ಚೀಲ ಇಳಿಸದೆ ನಿಂತಳು. ಆಮೇಲೆ ನೀರು ಬಿಸಿ ಮಾಡಿ, ಉಪ್ಪು ಹಾಕಿ, ಬಟ್ಟೆ ಅದ್ದಿ ಶಾಖ ಕೊಟ್ಟಳು. ಜಲಜ ಕಾಲು ಚಾಚಿ ಕೂತು ಗೋಡೆ ನೋಡುತ್ತಿದ್ದಳು.

"ಎಂತ ಕಲ್ಸಿದ್ರ್ ಇವತ್ತ್?" ಎಂದು ಕೇಳಿದಳು.

"ಗಣಿತ. ಎಂತದೂ ತಿಳೀಲಿಲ್ಲೆ. ನನ್ ಹತ್ರ ಕೂತದ್ ಹೆಣ್ಣಿಗ್ ಹತ್ತೊಂಬತ್ತ್ ವರ್ಷ. ಸರ್ ಹೇಳುಕ್ ಮೊದ್ಲೇ ಅದ್ ಬರೀತಿತ್ತ್."

"ಮತ್ತ್ ಎಂತಕ್ ಹೋಪ್ದ್?"

ಶ್ರೀಲತಾ ಬಟ್ಟೆ ಹಿಂಡಿ ಮತ್ತೆ ಮಂಡಿಯ ಮೇಲಿಟ್ಟಳು.

ದಾರಿ ಹುಡುಕಿದ್ದು ಮೋಕ್ಷಿತಾ. ಆ ಇಪ್ಪತ್ತಮೂರು ಮನೆಯವರೂ ಐತಾರ ತೆಗೆದುಕೊಳ್ಳುವುದು ಹೆಚ್ಚುಕಡಿಮೆ ಅದದೇ ಮೀನು. ಬೆಳಗ್ಗೆ ಐದಕ್ಕೆ ಬೋಟುಗಳು ಮೀನು ಇಳಿಸುವ ದಕ್ಕೆಯಿಂದ ತಂದು, ಕೊಯ್ದು, ಪೊಟ್ಟಣ ಕಟ್ಟಿದರೆ ಏಳು ಗಂಟೆಗೆ ನಾಗನ ರಿಕ್ಷಾದಲ್ಲಿ ಮನೆಮನೆಗೆ ಮುಟ್ಟುತ್ತದೆ, ಗೇಟಿಗೆ ತೂಗುಹಾಕಿ ಬಂದರಾಯಿತು. ಅಮ್ಮ ಎಂಟೂವರೆಯ ಬಸ್ಸು ಹಿಡಿಯಬಹುದು. ಬೇಕಾದದ್ದು ಒಂದು ಪಟ್ಟಿ. ಮನೆ ಎಲ್ಲಿ, ಮೀನು ಯಾವುದು, ಎಷ್ಟು, ಹೇಗೆ ಕೊಯ್ಯಬೇಕು. ಅರ್ಧ ಶ್ರೀಲತಾಳಿಗೆ ಗೊತ್ತಿತ್ತು, ಇನ್ನರ್ಧ ಜಲಜಳ ತಲೆಯಲ್ಲಿತ್ತು.

"ಹೇಳ್ ಅಜ್ಜಿ, ಬರ್ಕಂತೆ," ಎಂದು ಪುಸ್ತಕ ಹಿಡಿದು ಕೂತಳು ಮೋಕ್ಷಿತಾ.

"ಬರೂಕ್ ಎಂತ ಇತ್ತ್ ಅದ್ರಂಗೆ? ಹೋಯಿ ಹೋಯಿ ಗೊತ್ತಾಪ್ದ್."

"ಹೇಳ್ ಮಾರಾಯ್ತಿ. ನಿಂಗೆಂತ ನಷ್ಟ?"

"ಎಲ್ಲ ಬರ್ದ್ ಕೊಟ್ರೆ ಮತ್ತ್ ನನ್ನ್ ಯಾರ್ ಕೇಣ್ತ್ರ್ ಹೆಣೆ?" ಎಂದಳು ಜಲಜ. ನಗುತ್ತ ಹೇಳಿದರೂ ಹೇಳಿ ಮುಗಿಸುವಾಗ ನಗು ಇರಲಿಲ್ಲ. ಆಮೇಲೆ ಒಂದೊಂದೇ ಮನೆ ಹೇಳುತ್ತ ಹೋದಳು. ನಿವೃತ್ತ ಪೋಸ್ಟ್‌ಮ್ಯಾನ್ ಚಂದಯ್ಯನವರಿಗೆ ಸಣ್ಣ ಬಂಗುಡೆಯೇ ಆಗಬೇಕು. ಮೂಲೆಮನೆಯ ವಿನಯಾಳಿಗೆ ಸಿಗಡಿ ಸುಲಿದೇ ಕೊಡಬೇಕು, ಅವಳಿಗೆ ಕೈ ತುರಿಸುತ್ತದೆ. ಮೋಕ್ಷಿತಾ ಗೆರೆ ಎಳೆದು ಬರೆದಳು, ಶ್ರೀಲತಾ ಅದನ್ನು ಸಂಘದ ಕಂಪ್ಯೂಟರಿನಲ್ಲಿ ಒಪ್ಪವಾಗಿ ಮಾಡಿ ತಂದು ಅಡುಗೆಮನೆಯ ಗೋಡೆಗೆ ಅಂಟಿಸಿದಳು.

ಮೂರು ಐತಾರ ಎಲ್ಲ ಸರಿಯಾಗಿ ನಡೆಯಿತು. ಬೆಳಗಿನ ಜಾವ ತಾಯಿ ಮಗಳು ಮೆಟ್ಟುಕತ್ತಿಯ ಎದುರು ಕೂರುತ್ತಿದ್ದರು. ಮೀನು ಕೊಯ್ಯುತ್ತಲೇ ಮೋಕ್ಷಿತಾ ಗಣಿತದ ಸೂತ್ರ ಹೇಳಿಕೊಡುತ್ತಿದ್ದಳು. "ಅಲ್ಲ ಅಮ್ಮ, ಮೊದ್ಲ್ ಕಂಸದೊಳ್ಗಿಂದ್ ಬಿಡ್ಸ್. ಎಷ್ಟ್ ಸಲ ಹೇಳುದ್ ನಿಂಗ್?" ಎಂದು ಗದರುತ್ತಿದ್ದಳು. ಹಾಗೆ ಗದರುವಾಗ ಅವಳು ಶ್ರೀಲತಾಳ ಹಾಗೆಯೇ ಕೇಳಿಸುತ್ತಿದ್ದಳು. ಇಬ್ಬರಿಗೂ ಅದು ಗೊತ್ತಾಗಿ ಒಮ್ಮೊಮ್ಮೆ ನಗು ಬರುತ್ತಿತ್ತು. ಅಂಕಪಟ್ಟಿಯ ಕೋಪ ಯಾವಾಗ ಕರಗಿತೋ ತಿಳಿಯಲಿಲ್ಲ.

ಜಲಜ ಆ ಹೊತ್ತಿಗೆ ಎದ್ದು ಜಗಲಿಯಲ್ಲಿ ಕೂರುತ್ತಿದ್ದಳು. ಅವಳಿಗೆ ಮಾಡಲು ಕೆಲಸ ಇರಲಿಲ್ಲ. ಎಂಟು ಗಂಟೆಗೆ ನಾಗ ಖಾಲಿ ರಿಕ್ಷಾದಲ್ಲಿ ಬಂದು "ಎಲ್ಲ ಮುಟ್ಟಿತ್ ಜಲಜಕ್ಕ" ಎನ್ನುತ್ತಿದ್ದ.

"ಯಾರಾರೂ ನನ್ನ್ ಕೇಂಡ್ರಾ?"

"ಇಲ್ಲಪ್ಪ. ಆ ಹೊತ್ತಿಗ್ ಯಾರ್ ಎದ್ದಿರ್ತ್ರ್?"

ನಾಲ್ಕನೆಯ ಐತಾರ ಕುಂದಾಪುರದಲ್ಲಿ ಶ್ರೀಲತಾಳಿಗೆ ಮೊದಲ ಪರೀಕ್ಷೆ. ಗಣಿತ, ಮೂವತ್ತು ಅಂಕ. ಇದರಲ್ಲಿ ಹನ್ನೊಂದು ಬಾರದಿದ್ದರೆ ದೊಡ್ಡ ಪರೀಕ್ಷೆಗೆ ಕೂರುವಂತಿಲ್ಲ. ಬೆಳಗ್ಗೆ ದಕ್ಕೆಗೆ ಹೋದರೆ ಮೀನು ಬಹಳ ಅಗ್ಗ, ಕೇಳುವವರೇ ಇಲ್ಲ. ತನ್ನ ಪುಣ್ಯ ಎಂದುಕೊಂಡು ಬೇಗ ಬೇಗ ತುಂಬಿಸಿಕೊಂಡು ಬಂದಳು. ಜಲಜ ಜಗಲಿಯಲ್ಲಿ ಕೂತಿದ್ದಳು. ಬುಟ್ಟಿ ಒಳಗೆ ಹೋಗುವುದನ್ನು ನೋಡಿದಳು. ಪೊಟ್ಟಣಗಳು ಒಂದೊಂದಾಗಿ ರಿಕ್ಷಾಕ್ಕೆ ಹೋಗುವುದನ್ನು ನೋಡಿದಳು. ಶ್ರೀಲತಾ ಕಾಲಿಗೆ ನಮಸ್ಕಾರ ಮಾಡಿದಾಗ "ಬರೀ, ಹೋಗ್" ಎಂದಳು.

ಬಸ್ಸಿನಲ್ಲಿ ನಿಲ್ಲಲೂ ಜಾಗವಿರಲಿಲ್ಲ. ಶ್ರೀಲತಾ ಕಂಬ ಹಿಡಿದು ನಿಂತು ಬಾಯಲ್ಲೇ ಸೂತ್ರ ಹೇಳಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಹೂವಿನ ತಟ್ಟೆ ಹಿಡಿದ ಒಬ್ಬ ಅಜ್ಜಿ.

"ಎಂತ ರಶ್ಶ್ ಅಜ್ಜಿ ಇವತ್ತ್?"

"ಸಂಕ್ರಾಂತಿ ಅಲ್ದನಾ ಮಗಾ. ನಾಡಿದ್ದ್ ಚೌತಿ. ಆನೆಗುಡ್ಡೆ ಗಣಪತಿ ದೇವಸ್ಥಾನಕ್ಕ್ ಹೋಪರೇ ಎಲ್ಲ."

ಶ್ರೀಲತಾ ಕಂಬ ಬಿಟ್ಟು ಚೀಲದಲ್ಲಿ ಫೋನ್ ಹುಡುಕಿದಳು.

ತಿಂಗಳ ಸಂಕ್ರಾಂತಿಯ ದಿನ ಆ ಕಡೆಯ ಮನೆಗಳಲ್ಲಿ ಮೀನು ಒಳಗೆ ಬರುವುದಿಲ್ಲ. ಅದೂ ಚೌತಿಗೆಂದು ಅಂಗಳ ಸಾರಿಸಿ, ದೇವರ ಕೋಣೆ ತೊಳೆದ ಹೊತ್ತು. ಇದು ಶ್ರೀಲತಾಳಿಗೆ ಗೊತ್ತಿಲ್ಲದ್ದಲ್ಲ. ಆದರೆ ಹದಿನೇಳು ವರ್ಷದಲ್ಲಿ ಒಮ್ಮೆಯೂ ಅವಳು ಅದಕ್ಕಾಗಿ ಕ್ಯಾಲೆಂಡರ್ ನೋಡಿರಲಿಲ್ಲ. ಹಿಂದಿನ ಸಂಜೆ "ನಾಳಿಗ್ ಸಂಕ್ರಾಂತಿ, ಮೀನಿಲ್ಲೆ" ಎಂದು ಜಲಜ ಹೇಳುತ್ತಿದ್ದಳು, ಆ ಮನೆಗೆ ಅಷ್ಟು ಸಾಕಾಗಿತ್ತು. ಗೋಡೆಗೆ ಅಂಟಿಸಿದ ಪಟ್ಟಿಯಲ್ಲಿ ಎಲ್ಲ ಇತ್ತು, ಇದೊಂದು ಇರಲಿಲ್ಲ.

ನಾಗನಿಗೆ ಫೋನ್ ಮಾಡಿದಳು. ಅವನು ಎತ್ತಿದವನೇ ಅಳುವ ಸ್ವರದಲ್ಲಿ ಹೇಳಿದ. "ಎಲ್ಲ ಕಡೆ ತೂಗ್ಸಿ ಆಯ್ತ್ ಅಕ್ಕ. ಈಗಳ್ ಒಬ್ಬೊಬ್ರೇ ಫೋನ್ ಮಾಡಿ ಬೈತಿದ್ರ್. ನಾ ತಿರ್ಗಿ ಹೆಕ್ಕುಕ್ ಹೊರ್ಟಿದೆ. ನೀವ್ ಬತ್ರ್ಯಾ?"

ಆನೆಗುಡ್ಡೆಗೆ ಇಳಿಯುವ ಕುಂಭಾಶಿಯಲ್ಲಿ ಬಸ್ಸು ನಿಂತು, ಅರ್ಧ ಬಸ್ಸು ಖಾಲಿಯಾಯಿತು. ಅಲ್ಲಿ ಇಳಿದು ರಸ್ತೆ ದಾಟಿದರೆ ತಿರುಗಿ ಸಾಸ್ತಾನಕ್ಕೆ ಬಸ್ಸು ಸಿಗುತ್ತಿತ್ತು. ಅವಳೇ ಗೇಟುಗೇಟಿಗೆ ಹೋಗಿ ಕೈಮುಗಿದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತೇನೋ. ಅವಳು ಬಾಗಿಲವರೆಗೆ ಬಂದಳು. ಕಂಡಕ್ಟರ್ "ಇಳೀತ್ರ್ಯಾ ಅಕ್ಕ?" ಎಂದ.

"ಇಲ್ಲ," ಎಂದು ಖಾಲಿಯಾದ ಸೀಟಿನಲ್ಲಿ ಕೂತಳು.

ಸಂಜೆ ಮನೆಗೆ ಬರುವಾಗ ಹಿತ್ತಿಲಲ್ಲಿ ಮೀನಿನ ರಾಶಿ. ಜಲಜ ಕಲ್ಲುಪ್ಪು ಸುರಿದುಕೊಂಡು ಒಂದೊಂದೇ ಮೀನಿಗೆ ಹಚ್ಚಿ ಭರಣಿಗೆ ಒತ್ತುತ್ತಿದ್ದಳು. ಮೋಕ್ಷಿತಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು, ಅತ್ತು ಮುಖ ಕೆಂಪಾಗಿತ್ತು.

"ಅಮ್ಮ, ಅಜ್ಜಿ ನಿನ್ನೆ ರಾತ್ರಿಯೇ ಕಡ್ಲಿ ನೆನ್ಸಿ ಇಟ್ಟಿತ್ತ್. ಇವತ್ತ್ ಮಧ್ಯಾಹ್ನಕ್ಕ್ ಕಡ್ಲಿ ಸಾರ್ ಮಾಡ್ತ್. ನಾ ಕೇಂಡೆ, ಐತಾರ ಎಂತಕ್ ಕಡ್ಲಿ ಅಂತ. ಸಂಕ್ರಾಂತಿ ಅಂತ್."

ಶ್ರೀಲತಾ ಚಪ್ಪಲಿ ಬಿಟ್ಟು ಹಿತ್ತಿಲಿಗೆ ಇಳಿದಳು.

"ನಿಮ್ಗ್ ಗೊತ್ತಿದ್ದಿತ್ತಾ ಅತ್ತಿ?"

"ಗೊತ್ತಿದ್ದಿತ್ತ್."

"ಹೇಳ್ಲಿಲ್ಲೆ."

"ನೀ ಕೇಣ್ಲಿಲ್ಲೆ. ಗೋಡಿ ಮೇಲ್ ಎಲ್ಲ ಬರ್ದ್ ಅಂಟ್ಸಿದ್ಯಲೆ." ಜಲಜ ತಲೆ ಎತ್ತಲಿಲ್ಲ. "ನಿಂಗ್ ಬಸ್ಸಂಗೇ ಗೊತ್ತಾಯ್ತಂಬ್ರ್. ನಾಗ ಹೇಳ್ತ. ತಿರ್ಗಿ ಬಂದ್ಯಾ ನೀನ್?"

ಶ್ರೀಲತಾ ಸೀರೆಯ ನೆರಿಗೆ ಎತ್ತಿ ಕಟ್ಟಿ, ಎದುರು ಕೂತು, ಉಪ್ಪಿಗೆ ಕೈ ಹಾಕಿದಳು. ಬೆರಳಿನಲ್ಲಿ ಬೆಳಗ್ಗೆ ಮೆಟ್ಟುಕತ್ತಿ ತಾಗಿದ ಗಾಯವಿತ್ತು, ಉರಿಯಿತು. ಇಬ್ಬರೂ ಕತ್ತಲಾಗುವವರೆಗೆ ಮೀನಿಗೆ ಉಪ್ಪು ಹಚ್ಚಿದರು.

ಆ ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಚೌತಿಗೆ ಕಡುಬು ಮಾಡಿದರು, ಬಡಿಸಿದರು, ತಿಂದರು. ಪಾಂಡೇಶ್ವರದ ಕಡೆಯಿಂದ ಫೋನುಗಳು ಬಂದವು. ವಿನಯಾ ಮಾತ್ರ ಮೆತ್ತಗೆ ಹೇಳಿದಳು. "ಜಲಜಕ್ಕ ಬಪ್ದಾರೆ ಬರ್ಲಿ, ನೀವ್ ಬಪ್ದಾರೂ ಬನ್ನಿ. ಗೇಟಿಗ್ ತೂಗ್ಸುದ್ ಬ್ಯಾಡ ಶ್ರೀಲತಕ್ಕ. ಅತ್ತೆಯೋರ್ ಭಾರೀ ಬೇಜಾರ್ ಮಾಡ್ಕಂಡಿದ್ರ್."

ಶ್ರೀಲತಾ ಗೋಡೆಯ ಪಟ್ಟಿ ಕಿತ್ತಳು. ಪುಸ್ತಕಗಳನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿದಳು. ದಡಕ್ಕೆ ಬಂದು ಫೋನ್ ಮಾಡಿದ ಗಂಡನಿಗೆ ಹೇಳಿದಳು. "ಐತಾರ ಇನ್ ಮೇಲೆ ನಾನೇ ಬುಟ್ಟಿ ತಕಂಡ್ ಹೋತೆ. ಕ್ಲಾಸ್ ಬಿಟ್ಟೆ."

"ಅಬ್ಬಿ ಎಂತ ಹೇಳ್ತ್?"

"ಅವ್ರೆಂತ ಹೇಳೂದ್? ಅವ್ರಿಗ್ ಬೇಕಾದ್ದೇ ಆಯ್ತಲೆ."

ಜಲಜ ಒಳಕೋಣೆಯಲ್ಲಿದ್ದಳು. ಕೇಳಿಸಿತು.

ಶುಕ್ರವಾರ ಊಟಕ್ಕೆ ಕೂತಾಗ ಮೋಕ್ಷಿತಾ, ತಾಯಿ ಬಾವಿಕಟ್ಟೆಗೆ ಹೋದದ್ದನ್ನು ನೋಡಿಕೊಂಡು, ಅಜ್ಜಿಯ ಕಡೆ ತಿರುಗಿದಳು. "ಅಮ್ಮಂಗೆ ಮೂವತ್ತಕ್ಕೆ ಹದಿನೇಳ್ ಬಂತ್. ನಿಂಗ್ ಹೇಳುಕಾಗ ಅಂದಿತ್ತ್."

ಜಲಜ ಅನ್ನ ಕಲಸುತ್ತಿದ್ದಳು. "ಹದಿನೇಳ್ ಅಂದ್ರೆ ಪಾಸಾ?"

"ಹನ್ನೊಂದ್ ಬಂದ್ರ್ ಪಾಸ್."

ಜಲಜ ಉಳಿದ ಅನ್ನ ಉಂಡು ಎದ್ದಳು. ಬಟ್ಟಲು ತೊಳೆಯಲು ಹಿತ್ತಿಲಿಗೆ ಹೋದವಳು ಬಾವಿಕಟ್ಟೆಯ ಬಳಿ ನಿಂತಳು. ಶ್ರೀಲತಾ ಕೊಡ ಎತ್ತಿ ಸೊಂಟಕ್ಕಿಟ್ಟುಕೊಳ್ಳುತ್ತಿದ್ದಳು.

"ಅವತ್ತ್ ನೀ ನನ್ನ್ ಬೈಕಿದ್ದಿತ್ತ್," ಎಂದಳು ಜಲಜ.

"ಬೈದ್ರೆ ಎಂತ ಆತಿತ್ತ್?"

"ನಾನೂ ಬೈತಿದ್ದೆ. ಅಲ್ಲಿಗ್ ಮುಗೀತಿತ್ತ್. ನೀ ಕೂಕಂಡ್ ಉಪ್ಪ್ ಹಚ್ಚಿದೆ. ನಂಗ್ ಅಂದಿಂದ ಒಂದ್ ರಾತ್ರಿ ನಿದ್ರಿ ಇಲ್ಲೆ ಮಾರಾಯ್ತಿ."

ಶ್ರೀಲತಾ ಕೊಡವನ್ನು ಕಟ್ಟೆಯ ಮೇಲಿಟ್ಟಳು. "ನಾ ತಿರ್ಗಿ ಬರ್ಲಿಲ್ಲ ಅಲ್ದಾ ಅತ್ತಿ. ಗೊತ್ತಿದ್ದೂ ಬರ್ಲಿಲ್ಲ. ನಂಗೂ ಅದೇ."

ಆಮೇಲೆ ಜಲಜ ಬಟ್ಟಲು ತೊಳೆದಳು, ಶ್ರೀಲತಾ ಕೊಡ ಎತ್ತಿಕೊಂಡು ಒಳಗೆ ಹೋದಳು.

ಶನಿವಾರ ಜಲಜ ಮಾರ್ಕೆಟಿನಲ್ಲಿ ತನ್ನ ಪಕ್ಕ ಕೂರುವ ಸುಗುಣಳಿಗೆ ಹೇಳಿದಳು. "ನಾಳಿಗ್ ಬೆಳ್ಗಾತ ಮನಿ ಹತ್ರ ಬಾ. ಪಾಂಡೇಶ್ವರಕ್ಕ್ ಹೋಪ."

ಸುಗುಣ ಅವಳ ಮುಖ ನೋಡಿದಳು. ಆಸೆ ಇದ್ದವಳೇ, ಆದರೂ ಆ ಕ್ಷಣ ಹೆದರಿದಳು. "ನಂಗಾ? ಸೊಸಿ ಇತ್ತಲೆ ಜಲಜಕ್ಕ ನಿಮ್ಗೆ?"

"ಬಾ ಅಂದ್ರೆ ಬಾ."

ಐತಾರ ಬೆಳಗ್ಗೆ ಶ್ರೀಲತಾ ದಕ್ಕೆಗೆ ಹೊರಡಲು ಸೀರೆ ಸುತ್ತುತ್ತಿರುವಾಗ ಅಂಗಳದಲ್ಲಿ ಸುಗುಣ ನಿಂತಿದ್ದಳು. ಜಲಜ ಮಂಡಿಗೆ ಬಟ್ಟೆ ಬಿಗಿದು ಕಟ್ಟಿಕೊಂಡು ಹೊರಟಾಗಿತ್ತು.

"ಅತ್ತಿ, ಬ್ಯಾಡ. ಎಂಥ ಮಾಡ್ತಿದ್ರಿ ನೀವ್? ನಾ ಬಿಟ್ಟೆ ಅಂದ್ನಲೆ."

"ನಿನ್ ಬಸ್ ಎಷ್ಟ್ ಗಂಟಿಗ್?"

"ಅತ್ತಿ..."

"ಎಂಟೂವರಿ ಅಲ್ದಾ? ಹೋಪುಕ್ ಮೊದ್ಲ್ ದೋಸಿ ತಿನ್ಕಂಡ್ ಹೋಗ್. ಹಿಟ್ಟ್ ಇತ್ತ್." ಜಲಜ ಅಂಗಳ ಇಳಿದಳು. ತಿರುಗಿ ನೋಡಲಿಲ್ಲ.

ಹೊಸಬಳಿಗೆ ಮನೆ ಕೊಡುವ ದಿನ ನಡೆದೇ ಹೋಗಬೇಕು, ರಿಕ್ಷಾ ಆಗದು. ಪ್ರತಿ ಬಾಗಿಲಲ್ಲೂ ಹೊಸಬಳ ತಲೆಯ ಬುಟ್ಟಿಯನ್ನು ಹಳಬಳೇ ಇಳಿಸಬೇಕು, ಹೊರಡುವಾಗ ಹೊಸಬಳು ಎತ್ತಿಕೊಳ್ಳಬೇಕು. ಜಲಜ ಮೊದಲು ಸಂಕ್ರಾಂತಿಯ ತಪ್ಪಿಗೆ ಕೈಮುಗಿಯುತ್ತಿದ್ದಳು. "ತಪ್ಪಾಯ್ತ್. ಅದ್ ನಂದೇ ತಪ್ಪ್, ಸೊಸೀದಲ್ಲ," ಎನ್ನುತ್ತಿದ್ದಳು. ಆಮೇಲೆ ಸುಗುಣಳ ಭುಜ ಹಿಡಿದು ಮುಂದೆ ತರುತ್ತಿದ್ದಳು. "ಇನ್ ಮೇಲೆ ಇದೇ ಬಪ್ದ್." ಕೆಲವರು ಸುಮ್ಮನೆ ತಲೆ ಆಡಿಸಿದರು. ವಿನಯಾಳ ಅತ್ತೆ ಒಳಗೆ ಹೋಗಿ ಒಂದು ಲೋಟ ಕಾಫಿ ತಂದು ಕೊಟ್ಟರು.

ಹದಿನಾಲ್ಕನೆಯ ಮನೆ ಚಂದಯ್ಯನವರದ್ದು. ಅವರು ಚಾವಡಿಯಲ್ಲಿ ಪೇಪರ್ ಓದುತ್ತಿದ್ದರು.

"ಹ್ವಾಯ್ ಜಲಜ, ಎಂತ ಇದ್? ಮನೆ ಬೇರೆಯೋರಿಗ್ ಕೊಡ್ತಿದ್ಯಾ? ಸೊಸಿ ಎಲ್ಲಿ?"

"ಅದಕ್ಕ್ ಐತಾರ ಕ್ಲಾಸ್ ಇತ್ತ್ ಚಂದಯ್ಯ. ಕುಂದಾಪ್ರಕ್ಕ್ ಹೋಯ್ತ್."

"ಕ್ಲಾಸಾ? ಕಲ್ಸುಕಾ?"

"ಕಲೂಕೆ. ಕಂಪ್ಯೂಟರ್ ಡಿಗ್ರಿ."

ಚಂದಯ್ಯ ಕನ್ನಡಕ ತೆಗೆದು ನಕ್ಕರು. "ಈ ಪ್ರಾಯದಂಗಾ? ಅದ್ ಪಾಸಾಪ್ದ್ ಹೌದಾ?"

ಜಲಜ ಬಗ್ಗಿ ಮೀನು ಎಣಿಸಿ ಅವರ ಪಾತ್ರೆಗೆ ಹಾಕಿದಳು. "ಪಾಸಾತ್ತೋ ಫೇಲಾತ್ತೋ ಅದ್ ಅದ್ರ ಕತಿ. ಹೋಯ್ತಲೆ, ಹೋಯ್ಲಿ," ಎಂದು ನೆಟ್ಟಗಾದಳು. "ಕಾಣಿ, ಇದ್ ಸುಗುಣ. ಇನ್ ಮೇಲೆ ಇದೇ ಬಪ್ದ್."

ಸುಗುಣ ಬುಟ್ಟಿ ಎತ್ತಿ ತಲೆಗೇರಿಸಿಕೊಂಡಳು. ಮುಂದಿನ ಮನೆಗೆ ಗದ್ದೆಯ ಅಂಚಿನ ಮೇಲೆ ಹೋಗಬೇಕು. ಮುಂದೆ ಜಲಜ, ಹಿಂದೆ ಸುಗುಣ. ತಲೆಯ ಮೇಲೆ ಭಾರವಿಲ್ಲದೆ ಆ ದಾರಿಯಲ್ಲಿ ನಡೆಯುವುದು ಜಲಜಳಿಗೆ ಅಭ್ಯಾಸವಿರಲಿಲ್ಲ. ಅಂಚು ಕಿರಿದಾದಲ್ಲೆಲ್ಲ ಅವಳ ಬಲಗೈ ತಾನಾಗಿಯೇ ಮೇಲೆ ಹೋಗಿ, ಹಿಡಿಯಲು ಏನೂ ಇಲ್ಲದೆ, ಕೆಳಗೆ ಬರುತ್ತಿತ್ತು.